ಸಿಂಬೆ

ನಮ್ಮ ಹಳೆಯ ಉವಾಜ್ ಜೀಪಿನ
ಮೂರನೇ ಗೇರು ನಿಲ್ಲುತ್ತಿರಲಿಲ್ಲ.
ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು,
ಕೆಮ್ಮಿ ಹೊರಗೆ ಜಿಗಿಯುತ್ತಿತ್ತು.
ಅಕ್‌ಬೈತಾಲ್ ಘಾಟಿಯ ಇಳಿಜಾರಿನಲ್ಲಿ
ಎರಡು ಚಳಿಗಾಲ, ಲಿವರಿಗೆ
ಬಲ ಮೊಣಕಾಲು ಒತ್ತುಗೊಟ್ಟೇ ಇಳಿಸಿದ್ದೇನೆ.
ಹಿಂದೆ ಅಂಚೆಚೀಲ, ಹಿಟ್ಟಿನ ಮೂಟೆ,
ಒಮ್ಮೆ ಹೆರಿಗೆಗೆ ಹೊರಟ ಸೊಸೆ, ಅವಳತ್ತೆ.
ಅತ್ತೆಯೇ ಹೆಚ್ಚು ಕಿರುಚಿದ್ದು.

ಅಣ್ಣ ತಾಶ್ತಾನ್ ಪೆಟ್ಟಿಗೆ ಬಿಚ್ಚಿದ.
ಕಂಬಳಿ ಹಾಸಿ, ಬಿಚ್ಚಿದ ಕ್ರಮದಲ್ಲೇ
ಎಡದಿಂದ ಬಲಕ್ಕೆ ಸಾಲಿಟ್ಟ:
ಶಾಫ್ಟು, ಫೋರ್ಕು, ಸೂಜಿಯಂಥ ರೋಲರುಗಳು.
ಕಪ್ಪೆಣ್ಣೆಯಲ್ಲಿ ಹಿತ್ತಾಳೆ ಪುಡಿ
ಮಿನುಗುತ್ತಿತ್ತು. ಚಂದ, ಅಂದೆ.
'ಚಂದವಲ್ಲ ಕೆಂಜೆ, ಅದೇ ರೋಗ.'
ಒಂದು ಉಂಗುರ ಎತ್ತಿ ನನ್ನ ಅಂಗೈಗಿಟ್ಟ.
ಸಿಂಕ್ರೋ ರಿಂಗು. ಹಲ್ಲೆಲ್ಲ ಸವೆದು
ಒಸಡು ಮಾತ್ರ ಉಳಿದಿತ್ತು.
'ಇದರ ತಮ್ಮನನ್ನು ಹುಡುಕಿಕೊಂಡು ಬಾ.
ಕೈಯಿರುವವನು ನಾನು, ಬಾಯಿರುವವಳು ನೀನು.'

ಕಾಣೆಯಾದವರ ಫೋಟೊ ಹಿಡಿದು ಅಲೆಯುವ ಹಾಗೆ
ಕೋಟಿನ ಜೇಬಿನಿಂದ ತೆಗೆತೆಗೆದು
ಎಲ್ಲರಿಗೂ ತೋರಿಸಿದೆ.
ಓಶ್ ಪೇಟೆಯ ಕಂಟೇನರು ಅಂಗಡಿಗಳಲ್ಲಿ
ಒಬ್ಬ ನಾಳೆ ಬಾ ಎಂದ; ನಾಳೆ ಹೋದರೆ ಬೀಗ.
ಒಬ್ಬ, ಇದು ನಿಮ್ಮ ಗಾಡಿಯದೇ ಅಲ್ಲವೆಂದು ಆಣೆಯಿಟ್ಟ.
ಮಾಮಾಸಾಲಿ ಎಂಬುವನ ಹತ್ತಿರ ಎರಡಿದ್ದವು:
ಪ್ಲಾಸ್ಟಿಕ್ ಚೀಲದಲ್ಲಿ ಹೊಸದು, ಅಗ್ಗ;
ಎಣ್ಣೆಕಾಗದದಲ್ಲಿ ಸುತ್ತಿದ್ದು, ಹಳೆಯದು, ಅಸಲಿ.
ಅಸಲಿಯ ಬೆಲೆ ಕೇಳಿದೆ.
ಮೂಗಿಗಿಂತ ಮೂಗುತಿ ಭಾರ.
ಅಗ್ಗದ್ದನ್ನೇ ತಂದೆ.

ತಾಶ್ತಾನ್ ಅದನ್ನು ಕೋನಿನ ಮೇಲೆ ಕೂರಿಸಿ
ಸಂದಿಗೆ ಕ್ಷೌರದ ಬ್ಲೇಡು ಹಿಡಿದ.
ತೂರಲಿಲ್ಲ.
'ಬ್ಲೇಡಿನಷ್ಟೂ ಜಾಗ ಬಿಡದವರ ಜೊತೆ
ಸಂಸಾರ ಸಾಗುವುದಿಲ್ಲ' ಅಂದ,
ಮದುವೆಯೇ ಆಗದವನು.

ಹವಾಮಾನ ಕೇಂದ್ರದ ಹಿಂದೆ
ಮೂರು ಗಾಡಿಗಳ ಅಸ್ಥಿಪಂಜರ.
ನನಗಿಂತ ಮೊದಲೇ ಬಂದವರು ಹೊಟ್ಟೆ ಬಗೆದಿದ್ದರು.
ಒಂದರ ಗೇರ್‌ಬಾಕ್ಸಿನೊಳಗೆ ಇಲಿ
ಯಾಕ್ ಉಣ್ಣೆ ಹಾಸಿ ಮರಿ ಹಾಕಿತ್ತು.
ಮುಚ್ಚಳ ಮೆಲ್ಲಗೆ ಮುಚ್ಚಿದೆ.

ವಾಪಸು ಬರುವಾಗ ಲಾರಿ ಅಲಿಚೂರಿನಲ್ಲಿ ನಿಂತಿತು.
ಬತ್ಮಾ ಅಜ್ಜಿಯ ಮನೆ, ಉಪ್ಪು ಹಾಕಿದ ಹಾಲುಚಹಾ.
ಬಟ್ಟಲೆತ್ತಿದೆ.
ಕೆಳಗೆ ಸಿಂಬೆ.
ಹಿತ್ತಾಳೆಯದು. ಸುತ್ತಲೂ ಹಲ್ಲು.
ಚಹಾ ತುಳುಕಿ ತೊಡೆ ಸುಟ್ಟಿತು.

ಭೂಗರ್ಭ ಇಲಾಖೆಗೆ ಗಾಡಿ ಓಡಿಸುತ್ತಿದ್ದ ಗಂಡ
ಒಂದು ಸಂಜೆ ಜೇಬಲ್ಲಿ ತಂದದ್ದಂತೆ.
ಯಾಕೆಂದು ಹೇಳಲಿಲ್ಲವಂತೆ;
ಅವನು ಯಾವುದಕ್ಕೂ ಯಾಕೆಂದು ಹೇಳಿದವನೇ ಅಲ್ಲವಂತೆ.
ಮೂವತ್ತು ವರ್ಷ ಅದರ ಮೇಲೆ
ಬಟ್ಟಲು ಬಿಟ್ಟು ಬೇರೇನೂ ಕೂತಿಲ್ಲ.
ಒಳಗಿನ ಸಣ್ಣ ಗೀರುಗಳು
ಬೆರಳಿಗೆ ಇನ್ನೂ ಹರಿತ.

ಹಣ ತೆಗೆದೆ. ಆಕೆ ನೋಡಲೂ ಇಲ್ಲ.
'ಬಟ್ಟಲು ಎಲ್ಲಿ ಕೂರಬೇಕು?'
ಅಷ್ಟೇ ಆಕೆಯ ತಕರಾರು.
ಜೇಬಿನಿಂದ ನಮ್ಮದನ್ನು ತೆಗೆದುಕೊಟ್ಟೆ.
ಮೇಜಿನ ಮೇಲಿಟ್ಟು ತಿರುಗಿಸಿ ನೋಡಿದಳು.
'ಇದೇ ವಾಸಿ. ಹಲ್ಲಿಲ್ಲ, ಮೇಜು ಗೀರುವುದಿಲ್ಲ.
ನನಗೂ ಇಲ್ಲ' ಎಂದು ಬಾಯಿ ತೆರೆದು ತೋರಿಸಿದಳು.

ಬ್ಲೇಡು ತೂರಿತು.
ಕಂಬಳಿಯ ಸಾಲನ್ನು ತಾಶ್ತಾನ್
ಬಲದಿಂದ ಎಡಕ್ಕೆ ಒಳಗೆ ಸೇರಿಸುತ್ತ ಬಂದ.
ಕೊನೆಗೆ ಒಂದು ವಾಷರು ಉಳಿಯಿತು.
ಇಬ್ಬರೂ ಅದನ್ನು ನೋಡಿದೆವು.
ಯಾರೂ ಮಾತಾಡಲಿಲ್ಲ.

ಈಗ ಮೂರನೆಯದು ನಿಲ್ಲುತ್ತದೆ.
ರಿವರ್ಸು ಅಳುತ್ತದೆ; ಅದು ಮೊದಲೂ ಅಳುತ್ತಿತ್ತು.
ಘಾಟಿಯಲ್ಲಿ ಕಾಲೆತ್ತಿದರೆ ಇಂಜಿನು
ತನ್ನ ಭಾರ ತಾನೇ ತಡೆದು ಗುರುಗುಡುತ್ತದೆ.
ಹಿಂದೆ ಹಿಟ್ಟು, ಅಂಚೆ, ಯಾರದೋ ನಿದ್ದೆ.
ಮೊಣಕಾಲು ಮಾತ್ರ
ಹೇಳಿದರೂ ಕೇಳದೆ
ಲಿವರಿನ ಕಡೆಗೆ ವಾಲುತ್ತದೆ.